ಮೂರು ಓಟಿನ ಲಾರ್ಡು ಮತ್ತು ನಮ್ಮ ಪಂಚಾಯ್ತಿ ಮೆಂಬರು

(ಕುಂಚಾವರಂನಲ್ಲಿ ನಡೆದ ಪಂಚಾಯ್ತಿ ಸದಸ್ಯರ ಮತ್ತು ಕಾರ್ಯಕರ್ತರ ಸಭೆಯಲ್ಲಿ ಆಡಿದ ಮಾತಿನ ಬರಹ)



ಕುಂಚಾವರಂ ಕರ್ನಾಟಕದ ಅಂಚಿನ ಊರು. ಈ ಅಡವಿ ದಾಟಿದರೆ ತೆಲಂಗಾಣ. ಇಲ್ಲಿ ಕೂತವರಲ್ಲಿ ಎಷ್ಟೋ ಜನ ಮನ್ಯಾಗ ತೆಲುಗು ಮಾತಾಡ್ತೀರಿ, ತಾಂಡಾದಿಂದ ಬಂದವರು ಲಂಬಾಣಿ ಮಾತಾಡ್ತೀರಿ. ಶಹಾಬಾದಿನ ಪರಸಿ ಖಣಿಯಿಂದ, ವಾಡಿಯ ಸಿಮೆಂಟ್ ಕಾರ್ಖಾನೆಯಿಂದ, ಸೇಡಂ, ಚಿತ್ತಾಪುರದ ಹಳ್ಳಿಗಳಿಂದ ಒಂದು ದಿನದ ಕೂಲಿ ಬಿಟ್ಟು ಬಂದವರೂ ಇದ್ದೀರಿ. ಇಂಥಾ ಸಭೆಯಲ್ಲಿ ಲಂಡನ್ನಿನ ಲಾರ್ಡುಗಳ ಸುದ್ದಿ ಯಾಕ ತೆಗೀತೀರಿ, ನಮ್ಮ ರೇಷನ್ನಿಂದು, ಮನೀದು ಮಾತಾಡ್ರಿ ಅಂತ ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಒಬ್ಬ ಹಿರಿಯರು ಕೇಳಿದರು. ಕೇಳಬೇಕಾದ ಮಾತೇ ಕೇಳಿದರು. ಮೊದಲು ಲಂಡನ್ನಿನ ಕತೆ ಹೇಳ್ತೀವಿ. ಅದು ನಿಮ್ಮ ಪಂಚಾಯ್ತಿಗೆ ಹ್ಯಾಂಗ ಬಂದು ಮುಟ್ತದ, ನೀವೇ ನೋಡ್ರಿ.

2016ನೇ ಇಸವಿ ಏಪ್ರಿಲ್ ತಿಂಗಳು. ಬ್ರಿಟನ್ನಿನ ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ, ಅಂದರೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ, ಒಬ್ಬ ಲಾರ್ಡು ತೀರಿಕೊಂಡು ಒಂದು ಜಾಗ ಖಾಲಿ ಬಿತ್ತು. ಅದಕ್ಕೆ ಉಪಚುನಾವಣೆ ಆಯಿತು. ನಿಂತವರು 7 ಮಂದಿ. ಓಟು ಹಾಕುವವರು ಎಷ್ಟು ಮಂದಿ ಗೊತ್ತೇನು? ಮೂರು ಮಂದಿ. ತಮಾಷೆಗೆ ಹೇಳ್ತಾ ಇಲ್ಲ. ಏಳು ಮಂದಿ ಅಭ್ಯರ್ಥಿ, ಮೂರು ಮಂದಿ ಮತದಾರರು. ಮೂರೂ ಓಟು ವೈಕೌಂಟ್ ಥರ್ಸೊ ಎಂಬುವರಿಗೆ ಬಿದ್ದವು. ಅವರು ಆರಿಸಿ ಬಂದರು. ಮತ್ತ ಈ ಮನುಷ್ಯ ಹಿಂದಿನ ವರ್ಷವೇ, 2015ರ ಸಾರ್ವತ್ರಿಕ ಚುನಾವಣೆಯಲ್ಲಿ, ಕೆಳಮನೆಗೆ ನಿಂತು ಜನರ ಕೈಯಲ್ಲಿ ಸೋತವರು. ಸಾವಿರಾರು ಜನ ಬೇಡ ಅಂದದ್ದನ್ನು ಮೂರು ಜನ ಬೇಕು ಅಂದರು, ಮುಗೀತು.

ಇದು ಹ್ಯಾಂಗ ಬಂತು? ಆ ಮೇಲ್ಮನೆಯಲ್ಲಿ ನೂರಾರು ವರ್ಷ ವಂಶದ ಹಕ್ಕಿನಿಂದ ಕೂಡುತ್ತಿದ್ದರು. ಅಪ್ಪ ಸತ್ತರೆ ಹಿರಿಮಗ, ಅವನು ಸತ್ತರೆ ಅವನ ಹಿರಿಮಗ. ನಮ್ಮ ಕಡೆ ಮಾಲಿ ಪಾಟೀಲಕಿ, ಪೊಲೀಸ್ ಪಾಟೀಲಕಿ, ಕುಲಕರ್ಣಿಕಿ ಇದ್ದವಲ್ಲ, ಹಾಗೇ. ಅವರನ್ನು ಅಲ್ಲಿ ಪಿಯರ್ ಅಂತಾರೆ. ಆ ಶಬ್ದದ ಅರ್ಥ ಸಮಾನ ಅಂತ. ಯಾರಿಗೆ ಸಮಾನ? ತಮ್ಮೊಳಗೆ ತಾವು ಸಮಾನ. ನಮ್ಮ ಊರ ಮಂದಿಯೂ ಪಂಕ್ತಿಯಲ್ಲಿ ತಮ್ಮೊಳಗೆ ತಾವು ಸಮಾನರೇ.

1999ರಲ್ಲಿ ಅಲ್ಲಿಯ ಲೇಬರ್ ಪಕ್ಷದ ಸರಕಾರ ಈ ಹುಟ್ಟಿನ ಲಾರ್ಡುಗಳನ್ನು ಹೊರಗೆ ಕಳಿಸುವ ಕಾಯ್ದೆ ತಂತು. ಆಗ ಅವರು 750ಕ್ಕೂ ಹೆಚ್ಚು ಜನ ಇದ್ದರು. ಎಲ್ಲರೂ ಹೋಗಬೇಕಿತ್ತು. ಆದರೆ ಒಳಗೊಳಗೇ ರಾಜಿ ಆಯಿತು. 92 ಮಂದಿ ಉಳಿಯಲಿ, ಪೂರಾ ಸುಧಾರಣೆ ಆಗುವತನಕ ಇರಲಿ ಅಂದರು. ಅದರಲ್ಲಿ ಇಬ್ಬರು ವಂಶದ ದರಬಾರಿ ಹುದ್ದೆಯವರು. ಉಳಿದ 90 ಮಂದಿಯನ್ನು ಆರಿಸುವುದು ಹ್ಯಾಂಗ? ಚುನಾವಣೆಯಿಂದ! 75 ಮಂದಿಯನ್ನು ಆಯಾ ಪಕ್ಷದ, ಗುಂಪಿನ ಹುಟ್ಟಿನ ಲಾರ್ಡುಗಳೇ ಆರಿಸಿದರು, 15 ಮಂದಿಯನ್ನು ಇಡೀ ಮೇಲ್ಮನೆ ಆರಿಸಿತು. ತಾನು ಯಾಕೆ ಉಳಿಯಬೇಕು ಅಂತ ಪ್ರತಿಯೊಬ್ಬ ಲಾರ್ಡು 75 ಶಬ್ದದೊಳಗೆ ಬರೆದುಕೊಡಬಹುದಿತ್ತು. ಎಪ್ಪತ್ತೈದು ಶಬ್ದ! ನಾವು ಒಂದು ಜಾತಿ ಸರ್ಟಿಫಿಕೇಟಿಗೆ ಬರೆಯುವ ಅರ್ಜಿ ಇದಕ್ಕಿಂತ ಉದ್ದ ಇರ್ತದ.

2002ರ ಕೊನೆಯಿಂದ ಒಬ್ಬರು ಸತ್ತರೆ ಉಪಚುನಾವಣೆ ಆಗುವ ಪದ್ಧತಿ ಬಂತು. 2003ರಲ್ಲಿ ಒಂದು ಜಾಗಕ್ಕೆ 81 ಲಾರ್ಡುಗಳು ನಿಂತರು. ಬ್ರಿಟನ್ನಿನ ಯಾವ ಪ್ರಜೆ ಬೇಕಾದರೂ ನಿಲ್ಲಬಹುದಿತ್ತೇ? ಇಲ್ಲ. ವಂಶದ ಬಿರುದು ಇದ್ದವರೇ ನಿಲ್ಲಬೇಕು. 2020ರಲ್ಲಿ ಕೊನೆಯ ಹೆಣ್ಣುಮಗಳು ನಿವೃತ್ತಿಯಾದ ಮೇಲೆ ಆ 92 ಜಾಗದಲ್ಲಿ ಉಳಿದವರೆಲ್ಲ ಗಂಡಸರೇ. ತಾತ್ಕಾಲಿಕ ಅಂದದ್ದು ಕಾಲು ಶತಮಾನ ನಡೀತು. 2024ರ ಜುಲೈಯಲ್ಲಿ ಉಪಚುನಾವಣೆ ನಿಲ್ಲಿಸಿದರು. ಅದೇ ಸೆಪ್ಟೆಂಬರಿನಲ್ಲಿ ಉಳಿದವರನ್ನೂ ಕಳಿಸುವ ಮಸೂದೆ ತಂದರು.

ನಾವು ಇದರಿಂದ ತಿಳಿಯಬೇಕಾದ್ದು ಇಷ್ಟು. ಹುಟ್ಟಿನ ಅಧಿಕಾರಕ್ಕೆ ಹೊರಗೆ ನಡಿ ಅಂದಾಗ ಅದು ಜಗಳ ಮಾಡಲಿಲ್ಲ. ಹಾಗಾದರೆ ನನಗೂ ಒಂದು ಎಲೆಕ್ಷನ್ ಮಾಡ್ರಿ ಅಂತು. ಓಟಿನ ಅಂಗಿ ತೊಟ್ಟು ಅದೇ ಕುರ್ಚಿಯಲ್ಲಿ ಕೂತಿತು. ಕೂತದ್ದು ಮೇಲ್ಮನೆಯಲ್ಲಿ. ಜನ ನೇರ ಓಟು ಹಾಕುವ ಕೆಳಮನೆಯಲ್ಲಿ ಹೀಗೆ ಮಾಡಲಿಕ್ಕೆ ಬರೋದಿಲ್ಲ.

ಈ ಆಟ ನಮ್ಮ ಸೀಮೆಗೆ ಹೊಸದಲ್ಲ. ನಾವೆಲ್ಲ ನಿಜಾಮನ ಪ್ರಜೆಗಳ ಮಕ್ಕಳು, ಮೊಮ್ಮಕ್ಕಳು. ಆ ಸಂಸ್ಥಾನದ ಭೂಮಿಯಲ್ಲಿ ನೂರಕ್ಕೆ ಸುಮಾರು 60 ಪಾಲು ಮಾತ್ರ ದಿವಾನಿ, ಅಂದರೆ ಸರಕಾರಕ್ಕೆ ಸೇರಿದ್ದು. ಉಳಿದದ್ದು ಸರ್ಫೇಖಾಸ್, ಪಾಯಗಾ, ಜಾಗೀರು. ಸರ್ಫೇಖಾಸ್ ಅಂದರೆ ನಿಜಾಮನ ಸ್ವಂತ ಖರ್ಚಿನ ಭೂಮಿ, ಪಾಯಗಾ ಜಾಗೀರುಗಳು ನವಾಬರವು, ಸರದಾರರವು. 1893ರಲ್ಲಿ ಹೈದರಾಬಾದಿನಲ್ಲಿ ಕಾಯ್ದೆ ಮಾಡುವ ಕೌನ್ಸಿಲ್ ಹುಟ್ಟಿತು. ಮುಂದೆ ಅದರೊಳಗೆ ಅಧಿಕಾರಿಗಳಲ್ಲದ ನಾಲ್ಕು ಮಂದಿಗೆ ಜಾಗ ಮಾಡಿದಾಗ ಯಾರನ್ನು ಕರೆದರು? ಜಾಗೀರದಾರರು ಆರಿಸಿದವರನ್ನು, ಹೈಕೋರ್ಟ್ ವಕೀಲರು ಆರಿಸಿದವರನ್ನು. ಜಾಗೀರದಾರ ಹುಟ್ಟಿನಿಂದ ಜಾಗೀರದಾರ, ಕೌನ್ಸಿಲ್ಲಿಗೆ ಮಾತ್ರ ಆರಿಸಿ ಬಂದವ! ಲಂಡನ್ನಿನವರು 1999ರಲ್ಲಿ ಕಂಡುಹಿಡಿದದ್ದನ್ನು ಹೈದರಾಬಾದಿನವರು ನೂರು ವರ್ಷ ಮೊದಲೇ ಮಾಡಿ ಮುಗಿಸಿದ್ದರು.

1939ರಲ್ಲಿ ನಿಜಾಮ ಸರಕಾರ ಸುಧಾರಣೆ ಸಾರಿತು. 85 ಮಂದಿಯ ಅಸೆಂಬ್ಲಿ, ಅದರಲ್ಲಿ ಆರಿಸಿ ಬರುವವರು 42. ಅವರನ್ನೂ ಊರವಾರು, ಜನವಾರು ಆರಿಸುವುದಲ್ಲ, ಕಸುಬುವಾರು, ಹಿತಾಸಕ್ತಿವಾರು. ಜಾಗೀರದಾರರಿಗೆ ಇಷ್ಟು, ಪಟ್ಟೇದಾರರಿಗೆ ಇಷ್ಟು, ವಕೀಲರಿಗೆ ಇಷ್ಟು, ಸಾಹುಕಾರರಿಗೆ ಇಷ್ಟು. ಜಾಗೀರಿನ ಹಳ್ಳಿಯಲ್ಲಿ ಹಲಗಿ ಬಾರಿಸುವವನದು, ಕಟ್ಟಿಗಿ ಹೊರುವವನದು ಯಾವ ಹಿತಾಸಕ್ತಿ? ಅದಕ್ಕೆ ಯಾದಿಯಲ್ಲಿ ಹೆಸರಿರಲಿಲ್ಲ.

ಅದೇ ಕಾಲಕ್ಕೆ ದಿಲ್ಲಿಯಲ್ಲಿ ಇನ್ನೂ ದೊಡ್ಡ ಹಂಚಿಕೆ ನಡೆದಿತ್ತು. 1935ರ ಇಂಡಿಯಾ ಕಾಯ್ದೆಯ ಒಕ್ಕೂಟದಲ್ಲಿ ಮೇಲ್ಮನೆಗೆ 260 ಜಾಗ. ಅದರಲ್ಲಿ 104 ದೇಶೀ ಸಂಸ್ಥಾನಗಳಿಗೆ. ಹೈದರಾಬಾದಿಗೆ 5, ಮೈಸೂರಿಗೆ 3. ಈ 104 ಮಂದಿಯನ್ನು ಸಂಸ್ಥಾನದ ಪ್ರಜೆಗಳು ಆರಿಸುವುದಲ್ಲ, ರಾಜರು ಕಳಿಸುವುದು. 1939ರ ಜನವರಿಯಲ್ಲಿ ಬಾಬಾಸಾಹೇಬರು ಪುಣೆಯ ಗೋಖಲೆ ಸಂಸ್ಥೆಯಲ್ಲಿ ಈ ಒಕ್ಕೂಟವನ್ನು ಎಳೆಎಳೆಯಾಗಿ ಬಿಡಿಸಿಟ್ಟರು. ಒಂದು ಕಡೆ ಜನ ಆರಿಸಿದವರು, ಇನ್ನೊಂದು ಕಡೆ ರಾಜರ ಕೈಯಾಳುಗಳು, ಇವರಿಬ್ಬರನ್ನೂ ಒಂದೇ ಮನೆಯಲ್ಲಿ ಕೂಡಿಸಿದರೆ ಸ್ವಾತಂತ್ರ್ಯ ಮುಂದೆ ಹೋಗುವುದಿಲ್ಲ, ಹಿಂದೆ ಹೋಗುತ್ತದೆ ಎಂಬುದು ಆ ಭಾಷಣದ ತಿರುಳು. ರಾಜರು ಚೌಕಾಶಿ ಮಾಡುತ್ತ ಕೂತರು, ಯುದ್ಧ ಬಂತು, ಆ ಒಕ್ಕೂಟ ಬರಲೇ ಇಲ್ಲ.

ಇನ್ನು ನಮ್ಮ ಕೇರಿಯ ಕಡೆ ಬರೋಣ. ವಂಶದ ಹುದ್ದೆ ಅಂದ ಕೂಡಲೇ ನಮಗೆ ಗೌಡ, ಕುಲಕರ್ಣಿ ನೆನಪಾಗ್ತಾರ. ನಮಗೂ ವಂಶದ ಹುದ್ದೆ ಇತ್ತು, ಮರೀಬ್ಯಾಡ್ರಿ! ತಳವಾರಿಕೆ, ವಾಲೀಕಾರಕಿ, ಬೇಗಾರಿ. ಅಮಲ್ದಾರ ಬಂದರೆ ಗಂಟು ಹೊತ್ತು ಮುಂದಿನ ಊರಿಗೆ ಮುಟ್ಟಿಸಬೇಕು. ಡಂಗುರ ಸಾರಬೇಕು. ಸತ್ತ ದನ ಎಳೀಬೇಕು. ಯಾರಾದರೂ ಸತ್ತರೆ ಹತ್ತು ಹರದಾರಿ ನಡೆದು ಬೀಗರಿಗೆ ಸುದ್ದಿ ಹೇಳಬೇಕು. ರಾಶಿಯ ಕಾಲಕ್ಕೆ ಕಣದಾಗ ಕೊಟ್ಟಷ್ಟು ಜೋಳ ಸೆರಗೊಡ್ಡಿ ತರಬೇಕು. ಅಪ್ಪ ಸತ್ತರೆ ಮಗ, ಇಲ್ಲಿಯೂ ಹಾಗೇ. ಲಾರ್ಡಿನ ಮಗ ಬೇಡ ಅಂದರೆ 1963ರ ಕಾಯ್ದೆ ಪ್ರಕಾರ ಬಿರುದು ಬಿಟ್ಟುಕೊಡಬಹುದಿತ್ತು. ನಮ್ಮ ಹುಡುಗ ಬೇಡ ಅಂದರೆ ಚಾವಡಿಗೆ ಎಳೆದು ಹೊಡೀತಿದ್ದರು. ಚಿತ್ತಾಪುರ ತಾಲೂಕಿನ ಶಂಕರವಾಡಿಯ ಕವಿ ಚೆನ್ನಣ್ಣ ವಾಲೀಕಾರ 2019ರಲ್ಲಿ ತೀರಿಕೊಂಡರು. ಅವರ ಹೆಸರಿನೊಳಗೇ ಆ ಚಾಕರಿ ಕೂತಿದೆ ನೋಡ್ರಿ.

ಬಾಬಾಸಾಹೇಬರು ಮುಂಬಯಿ ಕೌನ್ಸಿಲ್ಲಿಗೆ ಹೋದ ಮರುವರ್ಷ, 1928ರಲ್ಲೇ, ತಂದ ಮಸೂದೆ ಯಾವುದು? 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಯ ತಿದ್ದುಪಡಿ. ಮಹಾರರ ವತನ ಬಿಡಿಸುವುದಕ್ಕೆ. ಬೆಳಗಾವಿ, ಧಾರವಾಡ, ಬಿಜಾಪುರ ಆಗ ಮುಂಬಯಿಗೆ ಸೇರಿದ್ದವು, ಆದ್ದರಿಂದ ಅದು ಕನ್ನಡದ ಹೊಲೆಗೇರಿಗೂ ಸಂಬಂಧಪಟ್ಟದ್ದು. ವತನ ಅಂದರೆ ಭೂಮಿಯಲ್ಲ, ಭೂಮಿಯ ಆಸೆ ತೋರಿಸಿ ಹಾಕಿದ ಸಂಕೋಲೆ ಎಂದು ಅವರಿಗೆ ಗೊತ್ತಿತ್ತು. ಕೌನ್ಸಿಲ್ಲಿನವರು ಅದನ್ನು ಜಗ್ಗಿ ಜಗ್ಗಿ ಬಡಕಲು ಮಾಡಿದರು. 1929ರಲ್ಲಿ ಅವರೇ ಅದನ್ನು ಹಿಂದಕ್ಕೆ ತೆಗೆದುಕೊಂಡರು. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1961ರದು, ಜಾರಿಗೆ ಬಂದದ್ದು 1963ರ ಫೆಬ್ರವರಿಯಲ್ಲಿ.

ಈಗ ಲೆಕ್ಕ ಹಾಕ್ರಿ. 1949ರ ಆಗಸ್ಟಿನಲ್ಲಿ ಹೈದರಾಬಾದಿನ ಜಾಗೀರುಗಳು ರದ್ದಾದವು, ಜಾಗೀರದಾರರಿಗೆ ಪರಿಹಾರ ಕೊಟ್ಟರು. ರಾಜ್ಯ ಬಿಟ್ಟ ರಾಜರಿಗೆ ವರ್ಷವರ್ಷ ರಾಜಧನ. ನಿಜಾಮನಿಗೆ 50 ಲಕ್ಷ, ಮೈಸೂರಿಗೆ 26 ಲಕ್ಷ. ಸೌರಾಷ್ಟ್ರದ ಕಟೋದಿಯಾ ಎಂಬ ಸಣ್ಣ ಜಹಗೀರಿನ ದೊರೆಗೆ ವರ್ಷಕ್ಕೆ 192 ರೂಪಾಯಿ! ಅವನೂ ರಾಜನೇ, ಬಿಡಬಾರದಲ್ಲ. ತಲೆತಲಾಂತರ ಬಿಟ್ಟಿ ಗಂಟು ಹೊತ್ತವನ ಬೆನ್ನಿಗೆ ಎಷ್ಟು ಪರಿಹಾರ ಕೊಟ್ಟರು? ಯಾವ ಗೆಜೆಟ್ಟಿನಲ್ಲಿ ಅಚ್ಚಾಗಿದೆ?

ಈ ರಾಜಧನವನ್ನು ತೆಗೆಯಲು ಹೊರಟಾಗ ಮೇಲ್ಮನೆ ಏನು ಮಾಡಿತು ಅನ್ನುವುದು ನಮ್ಮ ಮಕ್ಕಳ ಪಾಠಪುಸ್ತಕದಲ್ಲಿ ಇರಬೇಕು. 1970ರ ಸೆಪ್ಟೆಂಬರಿನಲ್ಲಿ ಇಂದಿರಾ ಗಾಂಧಿ ಸರಕಾರದ ಸಂವಿಧಾನ ತಿದ್ದುಪಡಿ ಮಸೂದೆ ಲೋಕಸಭೆಯಲ್ಲಿ ಪಾಸಾಯಿತು. ಸೆಪ್ಟೆಂಬರ್ 5ಕ್ಕೆ ರಾಜ್ಯಸಭೆಗೆ ಬಂತು. ಪರವಾಗಿ 149, ವಿರುದ್ಧ 75. ಒಟ್ಟು 224. ಮೂರರಲ್ಲಿ ಎರಡು ಪಾಲು ಬೇಕು, ಅಂದರೆ 149ರ ಮೇಲೆ ಒಂದು ಓಟಿನ ಮೂರನೇ ಒಂದು ಭಾಗ. ಅರ್ಧ ಓಟೂ ಅಲ್ಲ, ಓಟಿನ ಒಂದು ಚೂರು ಕಡಿಮೆ ಬಿದ್ದು ಮಸೂದೆ ಸತ್ತಿತು. ಆಮೇಲೆ ರಾಷ್ಟ್ರಪತಿಗಳ ಆದೇಶದಿಂದ ರಾಜರ ಮಾನ್ಯತೆ ತೆಗೆದರು. ಗ್ವಾಲಿಯರಿನ ಮಾಧವರಾವ್ ಸಿಂಧಿಯಾ ಮತ್ತಿತರರು ಕೋರ್ಟಿಗೆ ಹೋದರು. ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ಹೊಡೆದುಹಾಕಿತು. 1971ರಲ್ಲಿ ಲೋಕಸಭೆಗೆ ಚುನಾವಣೆಯಾಗಿ, ಜನ ಓಟು ಹಾಕಿದ ಮೇಲೆ, ಆ ವರ್ಷದ ಡಿಸೆಂಬರಿನಲ್ಲಿ 26ನೇ ತಿದ್ದುಪಡಿ ಬಂದು ರಾಜಧನ ನಿಂತಿತು. ಮೇಲ್ಮನೆಯಲ್ಲಿ ಸಿಕ್ಕಿಬಿದ್ದ ಗಂಟನ್ನು ಕೆಳಮನೆಗೆ ಬಿದ್ದ ಓಟು ಬಿಡಿಸಿತು.

ಸರಿ, ಬಿರುದು ಹೋಯಿತು, ರಾಜಧನ ಹೋಯಿತು. ಸಂವಿಧಾನದ 18ನೇ ಕಲಮಿನಲ್ಲಿ ಬಿರುದುಗಳೇ ಇಲ್ಲ ಅಂತ ಮೊದಲೇ ಬರೆದಿದೆ. ರಾಜರು ಹೋದರೇನು? 2020ನೇ ಇಸವಿಗೆ ಬರ್ರಿ. ಜೂನ್ 19ರಂದು ಮಧ್ಯಪ್ರದೇಶದಿಂದ ರಾಜ್ಯಸಭೆಯ ಮೂರು ಜಾಗಕ್ಕೆ ಓಟು ನಡೀತು. ನಾಲ್ವರು ನಿಂತಿದ್ದರು. ಒಬ್ಬರು ಗ್ವಾಲಿಯರ್ ಅರಮನೆಯ ಜ್ಯೋತಿರಾದಿತ್ಯ ಸಿಂಧಿಯಾ, ಬಿಜೆಪಿ. ಇನ್ನೊಬ್ಬರು ರಾಘೋಗಢದ ರಾಜಮನೆತನದ ದಿಗ್ವಿಜಯ ಸಿಂಗ್, ಕಾಂಗ್ರೆಸ್. ಇಬ್ಬರೂ ಹಿಂದಿನ ವರ್ಷ ಲೋಕಸಭೆಗೆ ನಿಂತು ಜನರ ಕೈಯಲ್ಲಿ ಸೋತವರು, ಒಬ್ಬರು ಗುನಾದಲ್ಲಿ, ಒಬ್ಬರು ಭೋಪಾಲದಲ್ಲಿ. ಮೂರನೆಯವರು ಆದಿವಾಸಿ ಪ್ರಾಧ್ಯಾಪಕರು, ಸುಮೇರ್ ಸಿಂಗ್ ಸೋಳಂಕಿ, ಬಿಜೆಪಿ. ನಾಲ್ಕನೆಯವರು ದಲಿತ ನಾಯಕರು, ಫೂಲ್ ಸಿಂಗ್ ಬರೈಯಾ, ಕಾಂಗ್ರೆಸ್ಸಿನ ಎರಡನೇ ಅಭ್ಯರ್ಥಿ. ದಿಗ್ವಿಜಯ ಸಿಂಗರಿಗೆ 57, ಸಿಂಧಿಯಾರಿಗೆ 56, ಬರೈಯಾರಿಗೆ 36. ಎರಡು ಪಕ್ಷ ಹಗಲೆಲ್ಲ ಬಡಿದಾಡಿ ಸಂಜೆಗೆ ನೋಡಿದರೆ ಎರಡೂ ಅರಮನೆ ಗೆದ್ದಿವೆ, ಕೇರಿಯವನು ಹೊರಗೆ. ಆ ಬರೈಯಾ 2023ರಲ್ಲಿ ಶಾಸಕರಾದರು. ಎಲ್ಲಿಂದ? ಭಾಂಡೇರ್ ಮೀಸಲು ಕ್ಷೇತ್ರದಿಂದ. ಮೀಸಲು ಇದ್ದ ಕಡೆ ಬಾಗಿಲು ತೆರೀತು, ಇಲ್ಲದ ಕಡೆ ಮುಚ್ಚಿತು.

ಅದೇ ದಿನ ಮಣಿಪುರದಿಂದ ಅಲ್ಲಿಯ ನಾಮಧೇಯ ಮಹಾರಾಜ ಸನಜಾವೋಬ ಲೈಶೆಂಬ ಆರಿಸಿ ಬಂದರು. ಅದೇ ವರ್ಷ ಮಹಾರಾಷ್ಟ್ರದಿಂದ ಸಾತಾರದ ಉದಯನರಾಜೆ ಭೋಸಲೆ ಬಂದರು, ಅವರೂ 2019ರಲ್ಲಿ ಸಾತಾರದ ಲೋಕಸಭಾ ಉಪಚುನಾವಣೆಯಲ್ಲಿ ಸೋತವರೇ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಸಿಂಧಿಯಾ, ಉದಯನರಾಜೆ ಇಬ್ಬರೂ 2024ರಲ್ಲಿ ಜನರ ನೇರ ಓಟಿನಿಂದ ಲೋಕಸಭೆಗೆ ಗೆದ್ದರು. ಮೈಸೂರು ಅರಮನೆಯವರೂ ಹಾಗೆ ಗೆದ್ದಿದ್ದಾರೆ, ಹಾಗೇ ಸೋತಿದ್ದಾರೆ. ನಮ್ಮ ಪಕ್ಕದ ಸುರಪುರದಲ್ಲಿ ನಾಯಕರ ರಾಜಮನೆತನದವರು ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರದಿಂದ ಆರಿಸಿ ಬರುತ್ತಾರೆ. 2024ರಲ್ಲಿ ತಂದೆ ತೀರಿಕೊಂಡ ಮೇಲೆ ಮಗ ಆರಿಸಿ ಬಂದರು. 1857-58ರಲ್ಲಿ ಇಂಗ್ರೇಜರ ಮೇಲೆ ಎದ್ದ ಮನೆತನ ಅದು. ಜನ ಓಟು ಹಾಕಿ ಕಳಿಸಿದರೆ ನಮ್ಮ ತಕರಾರು ಬೇರೆ ತರಹದ್ದು, ಅದನ್ನು ಜನರ ಮುಂದೆಯೇ ಹೇಳಬಹುದು. ಜನ ಬೇಡ ಅಂದ ಮೇಲೆ ಇನ್ನೊಂದು ಬಾಗಿಲಿಂದ ಕರೆದು ಕೂಡಿಸುತ್ತಾರಲ್ಲ, ತಕರಾರು ಅದರ ಮೇಲೆ.

ಆಗ ನೀವು ಕೇಳ್ತೀರಿ, ನಿನ್ನೆ ರಾತ್ರಿ ಕೇಳಿಯೂ ಕೇಳಿದಿರಿ: ಬಾಬಾಸಾಹೇಬರೂ ಅದೇ ಬಾಗಿಲಿಂದ ಹೋದರಲ್ಲ? ಹೌದು, ಹೋದರು. 1952ರ ಮೊದಲ ಚುನಾವಣೆಯಲ್ಲಿ ಉತ್ತರ ಮುಂಬಯಿಯಲ್ಲಿ ಅವರನ್ನು ಕಾಂಗ್ರೆಸ್ಸಿನ ಕಾಜ್ರೋಳಕರ ಸೋಲಿಸಿದರು. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷ ಸೋತರು! ಆ ವರ್ಷವೇ ಮುಂಬಯಿ ರಾಜ್ಯದಿಂದ ರಾಜ್ಯಸಭೆಗೆ ಹೋದರು. 1954ರಲ್ಲಿ ಭಂಡಾರಾದಲ್ಲಿ ಮತ್ತೆ ಲೋಕಸಭೆಗೆ ನಿಂತು ಮತ್ತೆ ಸೋತರು. 1956ರ ಡಿಸೆಂಬರ್ 6ರಂದು ಪರಿನಿಬ್ಬಾಣ ಹೊಂದಿದಾಗ ಅವರು ರಾಜ್ಯಸಭೆಯ ಸದಸ್ಯರೇ. ನಮ್ಮ ಸೀಮೆಯ ಮಲ್ಲಿಕಾರ್ಜುನ ಖರ್ಗೆಯವರೂ 2019ರಲ್ಲಿ ಗುಲ್ಬರ್ಗಾದಲ್ಲಿ ಸೋತು, 2020ರ ಜೂನಿನಲ್ಲಿ ಕರ್ನಾಟಕದಿಂದ ಅವಿರೋಧವಾಗಿ ರಾಜ್ಯಸಭೆಗೆ ಹೋದರು, 2021ರಲ್ಲಿ ಅಲ್ಲಿ ವಿರೋಧ ಪಕ್ಷದ ನಾಯಕರಾದರು.

ಆದ್ದರಿಂದ ಮೇಲ್ಮನೆಗೆ ಬೀಗ ಹಾಕ್ರಿ ಅಂತ ನಾವು ಹೇಳುವುದಿಲ್ಲ. ಹಾಗೆ ಹೇಳುವ ಗೆಳೆಯರು ನಮ್ಮೊಳಗೆ ಇದ್ದಾರೆ, ಅವರ ಜತೆ ನಮ್ಮ ಜಗಳ ನಡೆದೇ ಇದೆ. ಬಾಬಾಸಾಹೇಬರಂಥವರಿಗೆ ಬಹುಸಂಖ್ಯೆಯ ಓಟು ಬಾಗಿಲು ಮುಚ್ಚಿದಾಗ ಇನ್ನೊಂದು ಬಾಗಿಲು ಬೇಕಾಯಿತು. ಆದರೆ ಆ ಬಾಗಿಲಿನ ಕೀಲಿ ಯಾರ ಸೊಂಟದಲ್ಲಿದೆ? ಅರಮನೆಯವನಿಗೆ ಆ ಬಾಗಿಲು ಹೆಸರಿನಿಂದಲೇ ತೆರೀತದ. ನಮಗೆ ತೆರೆಯಬೇಕಾದರೆ ಯಾರೋ ದೊಡ್ಡವರಿಗೆ ಮನಸ್ಸು ಬರಬೇಕು. ಒಬ್ಬರಿಗೆ ಹಕ್ಕು, ಇನ್ನೊಬ್ಬರಿಗೆ ಕೃಪೆ.

ಯಾಕಂದ್ರ ಮೇಲ್ಮನೆಯಲ್ಲಿ ನಮಗೆ ಮೀಸಲಾತಿ ಇಲ್ಲ. ಇದು ಎಷ್ಟೋ ಮಂದಿ ಕಾರ್ಯಕರ್ತರಿಗೇ ಗೊತ್ತಿಲ್ಲ. ಸಂವಿಧಾನದ 330ನೇ ಕಲಮು ಲೋಕಸಭೆಗೆ, 332ನೇ ಕಲಮು ವಿಧಾನಸಭೆಗೆ. ರಾಜ್ಯಸಭೆಗೆ ಇಲ್ಲ, ವಿಧಾನ ಪರಿಷತ್ತಿಗೆ ಇಲ್ಲ. 2023ರ ಮಹಿಳಾ ಮೀಸಲಾತಿಯ 106ನೇ ತಿದ್ದುಪಡಿಯೂ ಅಷ್ಟೇ, ಮೇಲ್ಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟಿತು. ಈ ಚಿಂಚೋಳಿ 2008ರಿಂದ ಮೀಸಲು ವಿಧಾನಸಭಾ ಕ್ಷೇತ್ರ, ಚಿತ್ತಾಪುರವೂ ಹಾಗೇ, ಗುಲ್ಬರ್ಗಾ ಲೋಕಸಭೆ 2009ರಿಂದ ಮೀಸಲು. ಇಷ್ಟೆಲ್ಲ ಇದ್ದ ಸೀಮೆಯಿಂದ ಪರಿಷತ್ತಿಗೆ ಹೋಗಬೇಕಾದರೆ ಮಾತ್ರ ನಮಗೊಂದು ಕುರ್ಚಿ ಅಂತ ಎಲ್ಲಿಯೂ ಬರೆದಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ನೂರಕ್ಕೆ 17 ಮಂದಿ ಪರಿಶಿಷ್ಟ ಜಾತಿ. ಪರಿಷತ್ತಿನಲ್ಲಿ 75 ಜಾಗ. ಅದರ ಪಾಲು 12ಕ್ಕೂ ಹೆಚ್ಚು. ರಾಜ್ಯಸಭೆಯ ಕರ್ನಾಟಕದ 12ರಲ್ಲಿ ಎರಡು. ಪ್ರಾಶಸ್ತ್ಯ ಮತದ ಲೆಕ್ಕದಲ್ಲಿ ಮೀಸಲು ಕೂಡಿಸುವುದು ಕಷ್ಟ ಅಂತ ವಕೀಲರು ಹೇಳ್ತಾರೆ. 2003ರಲ್ಲಿ ಕಾಯ್ದೆ ತಿದ್ದಿ, ರಾಜ್ಯಸಭೆಗೆ ನಿಲ್ಲುವವರು ಆಯಾ ರಾಜ್ಯದ ಮತದಾರರೇ ಆಗಿರಬೇಕು ಎಂಬ ನಿಯಮವನ್ನೇ ತೆಗೆದುಹಾಕಿದರು. ಅದು ಕಷ್ಟ ಆಗಲಿಲ್ಲ! ದೊಡ್ಡವರಿಗೆ ಬೇಕಾದಾಗ ಲೆಕ್ಕ ಬಗೆಹರೀತದ.

ಈಗ ನಿಮ್ಮ ಪಂಚಾಯ್ತಿಗೆ ಬಂದೆವು. ಪರಿಷತ್ತಿನ 75ರಲ್ಲಿ 25 ಮಂದಿಯನ್ನು ಆರಿಸುವವರು ಸ್ಥಳೀಯ ಸಂಸ್ಥೆಯವರು. ಗ್ರಾಮ ಪಂಚಾಯ್ತಿ ಮೆಂಬರು ಅಲ್ಲಿ ಮತದಾರ. 1993ರ ಪಂಚಾಯತ್ ರಾಜ್ ಕಾಯ್ದೆ ಬಂದ ಮೇಲೆ ಮೀಸಲಾತಿಯಿಂದ ನಮ್ಮ ಕೇರಿಯ, ತಾಂಡಾದ ಹೆಣ್ಣುಮಕ್ಕಳು ಗಂಡುಮಕ್ಕಳು ಸಾಲುಸಾಲಾಗಿ ಮೆಂಬರಾದರು. ಅಂದರೆ ಮೇಲ್ಮನೆಗೆ ಓಟು ಹಾಕುವವರಲ್ಲಿ ನಮಗೆ ಮೀಸಲು ಪಾಲಿದೆ, ಕೂಡುವವರಲ್ಲಿ ಇಲ್ಲ. ಪಲ್ಲಕ್ಕಿ ಹೊರುವುದಕ್ಕೆ ಮೀಸಲು, ಏರುವುದಕ್ಕೆ ಇಲ್ಲ.

2021ರ ಡಿಸೆಂಬರಿನಲ್ಲಿ ಕಲಬುರಗಿ-ಯಾದಗಿರಿ ಕ್ಷೇತ್ರಕ್ಕೂ ಓಟು ನಡೀತು. ಆಗ ನಾವು ಹಳ್ಳಿ ಹಳ್ಳಿ ತಿರುಗಿದೆವು. ಒಂದು ಊರಲ್ಲಿ ನಮ್ಮ ತಂಗಿಯೊಬ್ಬಳು ಮೆಂಬರು. ಕೂಲಿ ಮಾಡುವವಳು, ತೊಗರಿ ಕೊಯ್ಯಲಿಕ್ಕೆ ಹೋಗುವ ಹೊತ್ತಿಗೆ ಜೀಪು ಬಂದು ನಿಂತಿತು. ನೇರಳೆ ಪೆನ್ನು ಕೊಡ್ತಾರ, ಈ ಹೆಸರಿನ ಮುಂದ 1 ಅಂತ ಬರಿ, ಮತ್ತೇನೂ ಬರೀಬ್ಯಾಡ ಅಂದರು. ಒಂದು ಲಕೋಟೆ ಕೊಟ್ಟರು. ಆಕೆ ಲಕೋಟೆ ಮುಟ್ಟಲಿಲ್ಲ. ನಾ ನಿಮಗ ಹಾಕ್ತೀನ್ರಿ ಯಪ್ಪಾ, ನನಗ ನೀವು ಯಾವಾಗ ಹಾಕ್ತೀರಿ ಅಂತ ಕೇಳಿದಳು. ಜೀಪಿನವರು ನಕ್ಕರು. ಅವರಿಗೆ ಅದು ನಗೆಚಾಟಿಕೆ ಅನಿಸಿತು. ಎಲ್ಲ ಮೆಂಬರೂ ಹಾಗೆ ಇದ್ದರು ಅಂತ ಸುಳ್ಳು ಹೇಳುವುದಿಲ್ಲ. ಲಕೋಟೆ ಇಸಕೊಂಡವರು ನಮ್ಮವರಲ್ಲೂ ಇದ್ದರು. ಮನ್ಯಾಗ ಮಗಳ ಮದುವಿ ಇದ್ದವನಿಗೆ ನಾವು ಉಪದೇಶ ಮಾಡುವುದು ಸುಲಭ.

ಇನ್ನೊಂದು ಮಾತು, ಸಿಟ್ಟಾಗಬ್ಯಾಡ್ರಿ. ನಮ್ಮ ಸಂಘಟನೆಗಳಲ್ಲಿಯೂ ಮುಖಂಡನ ಮಗ ಮುಖಂಡ ಆಗುವ ರೂಢಿ ಶುರುವಾಗಿದೆ. ವೇದಿಕೆಯ ಮೊದಲ ಸಾಲು ಅವರ ಮನೆಯ ವತನ ಆಗ್ತಿದೆ. ಲಂಡನ್ನಿನ ಲಾರ್ಡನ್ನು ನೋಡಿ ನಗುವಾಗ ಇದನ್ನೂ ನೋಡಿಕೊಳ್ಳಬೇಕು.

ಇನ್ನು ಕೆಲಸದ ಮಾತು. 2021ರಲ್ಲಿ ಆರಿಸಿ ಹೋದವರ ಆರು ವರ್ಷ 2028ರ ಆರಂಭಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಮತ್ತೆ ಜೀಪು ಬರ್ತಾವ. ನಾವು ಮಾಡಬೇಕಾದ್ದು ಎರಡು. ಒಂದು, ಪ್ರತಿ ಪಂಚಾಯ್ತಿಯಲ್ಲಿ ಠರಾವು: ಸಂವಿಧಾನದ 80 ಮತ್ತು 171ನೇ ಕಲಮಿಗೆ ತಿದ್ದುಪಡಿ ತಂದು ರಾಜ್ಯಸಭೆ, ಪರಿಷತ್ತುಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಕ್ಕೆ ಮೀಸಲು ಕೊಡಬೇಕು ಅಂತ. ಠರಾವಿನ ಕರಡು ಇಲ್ಲಿ ಇದೆ, ಕನ್ನಡದಲ್ಲಿ ಇದೆ, ತೆಲುಗಿನಲ್ಲಿ ಓದಿ ಹೇಳುವವರೂ ಇದ್ದಾರೆ. ಅಧ್ಯಕ್ಷರು ವಿಷಯ ಪಟ್ಟಿಗೆ ಸೇರಿಸುವುದಿಲ್ಲ ಅಂದರೆ ಬರಹದಲ್ಲಿ ಕೊಡಿರಿ ಅಂತ ಕೇಳ್ರಿ.

ಎರಡನೆಯದು ಇದಕ್ಕಿಂತ ಹತ್ತಿರದ್ದು. ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಪರಿಷತ್ತಿಗೆ ನಾಮಪತ್ರ ಹಾಕಬೇಕಾದರೆ ಸೂಚಕರು ಹತ್ತು ಮಂದಿ ಮತದಾರರು ಸಾಕು. ವಯಸ್ಸು 30 ತುಂಬಿರಬೇಕು. ಠೇವಣಿ 10,000 ರೂಪಾಯಿ, ನಮ್ಮವರಿಗೆ 5,000. ಗೆಲ್ಲುತ್ತೇವೆ ಅಂತ ನಾವು ಹೇಳುತ್ತಾ ಇಲ್ಲ, ಲಕೋಟೆಯ ಮುಂದೆ ಸೋಲುವುದೇ ಹೆಚ್ಚು. ಆದರೆ ಮತಪತ್ರದಲ್ಲಿ ನಮ್ಮದೊಂದು ಹೆಸರು ಇದ್ದರೆ ಆ ತಂಗಿಗೆ 1 ಅಂತ ಬರೆಯಲಿಕ್ಕೆ ಒಂದು ಜಾಗ ಸಿಗ್ತದ.

ಅಲ್ಲಿ ಮೂರು ಓಟಿಗೆ ಒಬ್ಬ ಲಾರ್ಡು ಆರಿಸಿ ಬಂದ. ನಾವು ಮಾತು ಶುರು ಮಾಡುವ ಮೊದಲು ಇಲ್ಲಿ ಕೂತವರನ್ನು ಎಣಿಸಿದೆವು. ಪಂಚಾಯ್ತಿ ಮೆಂಬರಾದವರೇ ಹದಿನಾಲ್ಕು ಮಂದಿ ಇದ್ದೀರಿ. ಮುಂದೆ ಯಾರು ಯಾರು ಮತ್ತೆ ನಿಲ್ಲುತ್ತೀರಿ, ಆರಿಸಿ ಬಂದರೆ ಸೂಚಕರಾಗಿ ಯಾರು ಯಾರು ಸಹಿ ಹಾಕುತ್ತೀರಿ, ಈ ಹಾಳೆಯಲ್ಲಿ ಹೆಸರು, ಊರು ಬರೆಯಿರಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿರಿ, ಇಂಕಿನ ಡಬ್ಬಿ ತಂದಿದ್ದೇವೆ. ಚಿಂಚೋಳಿಗೆ ಹೋಗುವ ಬಸ್ಸು ನಾಲ್ಕೂವರೆಗೆ ಅದ, ಅಷ್ಟರೊಳಗೆ ಮುಗಿಸೋಣ.

ಜೈಭೀಮ್.